ನಂದೀಶನ ಖರ್ಚಿಲ್ಲದ ರೊಟ್ಟಿ ಹಬ್ಬ

ಅಗ್ಗದಲ್ಲಿ ಊರು ಬದಲಿಸುವುದು ಹೇಗೆಂದು ಲೋಕಕ್ಕೆ ಕಲಿಸಲೆಂದೇ ನಂದೀಶ ಮದ್ದೂರು ಬಿಟ್ಟು ನಮ್ಮ ಬೆಟಗೇರಿಗೆ ಬಂದನಂತೆ. ಹಾಗೆಂದು ಅವನೇ ತನ್ನ ಫೋನಿನ ಮುಂದೆ ನಿಂತು ಹೇಳುತ್ತಿದ್ದ. ಗಾಳಿಯಂತ್ರದ ಕಂಪನಿಯೊಂದರ ಗೋದಾಮಿನಲ್ಲಿ ನಟ್ಟು-ಬೋಲ್ಟು ತೆಗೆದುಕೊಡುವ ಕೆಲಸ ಸಿಕ್ಕಿದ್ದರಿಂದ ಬಂದದ್ದು ಎಂಬ ಸಣ್ಣ ಸಂಗತಿಯನ್ನು ಮಾತ್ರ ಲೋಕಕ್ಕೆ ತಿಳಿಸಿರಲಿಲ್ಲ. ಲೋಕ ಅಂದರೆ ಅವನ ವಿಡಿಯೋ ನೋಡುವವರು. ಆ ಲೋಕದಲ್ಲಿ ಅವನ ಹೆಂಡತಿ ಅಂಕಿತಾ, ಒಂದಿಬ್ಬರು ಗೆಳೆಯರು ಮತ್ತು ತಪ್ಪು ಹುಡುಕುವ ಸಲುವಾಗಿ ಅವನ ಮಾವ ಇದ್ದರು.

ನಾನು ಅಂದಪ್ಪ, ಅವನ ಎದುರು ಮನೆಯವನು. ನಿವೃತ್ತನಾದ ಮೇಲೆ ನನಗೆ ಉಳಿದಿರುವುದು ಕಟ್ಟೆಯ ಮೇಲೆ ಕೂತು ಓಣಿ ನೋಡುವ ಕೆಲಸ ಒಂದೇ. ನೌಕರಿಯಲ್ಲಿ ತೋರಿಸದ ನಿಷ್ಠೆಯನ್ನು ನಾನು ಇದರಲ್ಲಿ ತೋರಿಸುತ್ತಿದ್ದೇನೆ. ಹಾಗಾಗಿ ನಂದೀಶನ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ಮನೆ ಹುಡುಕುವಾಗಲೇ ಅವನ ಬುದ್ಧಿಯ ಅಳತೆ ಸಿಕ್ಕಿತ್ತು. ಗದಗಿಗಿಂತ ಲಕ್ಷ್ಮೇಶ್ವರದಲ್ಲಿ ಬಾಡಿಗೆ ಕಡಿಮೆ ಎಂದು ಯಾರೋ ಹೇಳಿದರೆಂದು ಅಲ್ಲಿಗೆ ಹೋದ. ಲಕ್ಷ್ಮೇಶ್ವರದವರು ಶಿರಹಟ್ಟಿ ಇನ್ನೂ ಅಗ್ಗ ಅಂದರು. ಶಿರಹಟ್ಟಿಯವರು ಮುಂಡರಗಿ ಕಡೆ ಕೈ ತೋರಿಸಿದರು. ಮುಂಡರಗಿಯಲ್ಲಿ ಒಬ್ಬ ಪುಣ್ಯಾತ್ಮ, ಹೊಳೆ ದಂಡೆಯ ಕೊರ್ಲಹಳ್ಳಿಯಲ್ಲಿ ಬಾಡಿಗೆಯನ್ನೇ ಕೇಳದ ಮನೆಯೊಂದಿದೆ ಎಂದ. ನಂದೀಶ ಆ ಮನೆಯ ಮುಂದೆ ನಿಂತು ‘ಬಾಡಿಗೆ ಇಲ್ಲದ ಬದುಕು’ ಎಂಬ ವಿಡಿಯೋ ಮಾಡಿದ. ಆ ಮನೆಗೆ ಚಾವಣಿಯೂ ಇರಲಿಲ್ಲ. ದಿನಾ ಗದಗಿಗೆ ಹೋಗಿ ಬರಲು ಬಸ್ಸಿನವನು ದುಡ್ಡು ಕೇಳುತ್ತಾನೆ ಎಂಬುದನ್ನು ಅಂಕಿತಾ ನೆನಪಿಸಿದ ಮೇಲೆ ಇಬ್ಬರೂ ಬೆಟಗೇರಿಯ ದಾರಿ ಹಿಡಿದರು.

ಇಲ್ಲಿಯೂ ಮೊದಲಿಗೆ ಯಾರೂ ಮನೆ ಕೊಡಲಿಲ್ಲ. ಮನೆ ತೋರಿಸಲು ಬಾಗಿಲು ತೆಗೆದರೆ ಸಾಕು, ಇವನು ನೇರ ಬಚ್ಚಲಿಗೆ ಹೋಗಿ, ಫೋನು ನಿಲ್ಲಿಸಿ, “ಸ್ನೇಹಿತರೇ, ಇಲ್ಲಿನ ನಲ್ಲಿ ನೋಡಿ” ಎಂದು ಶುರು ಮಾಡುತ್ತಿದ್ದ. ತಮ್ಮ ಬಚ್ಚಲನ್ನು ಲೋಕ ನೋಡುವುದು ನಮ್ಮ ಮಂದಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಕೊನೆಗೆ ಅಂಕಿತಾಳ ಮುಖ ನೋಡಿ ರೇಣುಕವ್ವ ತನ್ನ ಮನೆಯ ಮುಂಭಾಗ ಕೊಡಲು ಒಪ್ಪಿದಳು, ಅದೂ ಷರತ್ತಿನ ಮೇಲೆ.

“ಪಂಚಮಿ ತನಕ ಇರ್ರಿ,” ಅಂದಳು. “ನಿಮ್ಮ ನಡತಿ ನೋಡ್ತೀನಿ. ಓಣ್ಯಾಗ ಮಂದಿ ಕೂಡ ಹೊಂದ್ಕೊಂಡು ಹೋದ್ರ ಮನಿ ನಿಮ್ಮದ. ಇಲ್ಲಂದ್ರ ನಿಮ್ಮ ಗಂಟು ನೀವ ಕಟ್ರಿ.”

ಅಂಕಿತಾಳಿಗೆ ಆ ಮನೆ ಬೇಕೇ ಬೇಕಿತ್ತು. ನಡೆದು ಹೋಗುವಷ್ಟು ಹತ್ತಿರದ ಖಾಸಗಿ ಶಾಲೆಯಲ್ಲಿ ಅವಳಿಗೆ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಮನೆ ತಪ್ಪಿದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ಮತ್ತೆ ಮದ್ದೂರು. ಅಲ್ಲಿ ಅವಳ ಅಪ್ಪನ ಆಲೆಮನೆ. ಹೊರಡುವ ದಿನ ಮಾವ ಅಳಿಯನಿಗೆ, “ಹೋಗ್ಬುಟ್ಟು ಬಾ. ಗಾಣಕ್ಕೆ ಕಬ್ಬು ಕೊಡೋ ಕೆಲ್ಸ ನಿಂಗೇ ಅಂತ ಇಟ್ಟಿರ್ತೀನಿ” ಎಂದು ಆಶೀರ್ವಾದ ಮಾಡಿದ್ದರು. ನಂದೀಶನಿಗೆ ಕನಸಿನಲ್ಲೂ ಕಬ್ಬು ಬರುತ್ತಿತ್ತಂತೆ.

ಇಲ್ಲಿ ರೇಣುಕವ್ವನ ವಿಷಯ ಸ್ವಲ್ಪ ಹೇಳಬೇಕು. ಅವಳ ಮನೆಗೆ ಅಂಟಿಕೊಂಡ ಮನೆ ಅವಳ ನೆಗೆಣ್ಣಿ ದ್ಯಾಮವ್ವನದು. ಚನ್ನಬಸವಣ್ಣ, ನಿಂಗಪ್ಪ ಅಣ್ಣತಮ್ಮಂದಿರು. ಅಣ್ಣನ ಹೆಂಡತಿ ರೇಣುಕವ್ವ, ತಮ್ಮನ ಹೆಂಡತಿ ದ್ಯಾಮವ್ವ. ಎರಡೂ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಹಲವು ವರ್ಷಗಳ ಹಿಂದೆ ಯಾರೋ ಬಸುರಿಯ ಕುಬಸದ ಊಟದಲ್ಲಿ ದ್ಯಾಮವ್ವ, ರೇಣುಕವ್ವನ ರೊಟ್ಟಿ ದಪ್ಪ ಅಂದಳು. ರೇಣುಕವ್ವ, ದ್ಯಾಮವ್ವನ ರೊಟ್ಟಿಯಲ್ಲಿ ಹೊಟ್ಟೆ ತುಂಬುವಂಥದ್ದೇನೂ ಇಲ್ಲ ಅಂದಳು. ಅಂದೇ ಆ ಬಾಗಿಲಿಗೆ ಚಿಲಕ ಬಿತ್ತು. ಆಸ್ತಿಗಾಗಿ ಜಗಳವಾಡಿದವರು ಕೋರ್ಟಿನಲ್ಲಿ ರಾಜಿಯಾದದ್ದನ್ನು ಕಂಡಿದ್ದೇನೆ. ರೊಟ್ಟಿಗಾಗಿ ಜಗಳವಾಡಿದವರ ಕೇಸು ಯಾವ ಕೋರ್ಟಿಗೂ ಹೋಗುವುದಿಲ್ಲವಾದ್ದರಿಂದ ರಾಜಿಯ ಆಸೆಯೂ ಇರಲಿಲ್ಲ.

ಹೀಗಿರುವಾಗ ಪಂಚಮಿಯ ಮುನ್ನಾದಿನದ ರೊಟ್ಟಿ ಹಬ್ಬ ಬಂತು. ನಾಗರ ಪಂಚಮಿಯ ದಿನಗಳಲ್ಲಿ ನಮ್ಮ ಕಡೆ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಅದಕ್ಕೇ ಹೆಂಗಸರು ಮೊದಲೇ ಖಡಕ್ ರೊಟ್ಟಿ ಬಡಿದು, ಪಲ್ಯ, ಚಟ್ನಿಗಳ ಜೊತೆ ತಾಟಿನಲ್ಲಿಟ್ಟು ಓಣಿಯ ಮನೆಮನೆಗೂ ಕೊಡುತ್ತಾರೆ. ಅಂಕಿತಾ ಶಾಲೆಗೆ ಹೋಗಿದ್ದಳು. ನಂದೀಶನಿಗೆ ಮಧ್ಯಾಹ್ನದ ಪಾಳಿ, ಮನೆಯಲ್ಲಿ ಒಬ್ಬನೇ ಇದ್ದ. ಮೊದಲು ರೇಣುಕವ್ವ ತಾಟು ತಂದಳು. ಅವಳು ಆಚೆ ಹೋದದ್ದೇ ತಡ, ಬಾಡಿಗೆಯವರಿಗಾದರೂ ಒಳ್ಳೆಯ ರೊಟ್ಟಿ ಅಂದರೇನೆಂದು ಗೊತ್ತಾಗಲಿ ಎಂಬ ಧರ್ಮಬುದ್ಧಿಯಿಂದ ದ್ಯಾಮವ್ವ ತಂದಳು. ಆಮೇಲೆ ಚಹಾ ಅಂಗಡಿಯ ಇನಾಯತನ ಹೆಂಡತಿ ರಹಿಮತಬಿ, ಆಮೇಲೆ ನನ್ನ ಹೆಂಡತಿ, ಆಮೇಲೆ ಉಳಿದವರು. ಎಲ್ಲರೂ “ತಾಟು ಆಮ್ಯಾಲೆ ಕೊಡ್ರಿ” ಎಂದು ಹೇಳಿ ಹೋದರು.

ನಂದೀಶ ಹೊರಗೆ ಬಂದ. ಅವನ ಮುಖ ಅರಳಿತ್ತು.

“ಏನ್ ಜನ ಸಾರ್ ನಿಮ್ಮೂರ್ನೋರು! ನಾನು ಗಾಳಿಯಂತ್ರದ ಆಫೀಸರು ಅಂತ ಗೊತ್ತಾಗಿರಬೇಕು. ಒಂದೇ ಬೆಳಿಗ್ಗೆಗೆ ತಿಂಗಳ ಊಟ ಬಂದ್ಬುಡ್ತು. ಎಲ್ರೂ ಮಕ್ಕಳಿಗೆ ಕೆಲ್ಸ ಕೇಳೋಕೆ ಬತ್ತಾರೋ ಏನೋ.”

“ತಮ್ಮಾ,” ಅಂದೆ, “ಇದು ಪುಕ್ಕಟಿ ಅಲ್ಲೋ. ತಾಟು ಖಾಲಿ ಹೊಳ್ಳಿ ಕೊಡಬಾರದು. ನಿಮ್ಮ ಮನಿ ರೊಟ್ಟಿ ಇಟ್ಟು ಮುಟ್ಟಿಸಬೇಕು. ಮತ್ತ ಮುರದ ರೊಟ್ಟಿ ಇಟ್ಟೀ ಜ್ವಾಕಿ. ಮುರದದ್ದು ಮನ್ಯಾಗಿನವರ ತಿನ್ನೂದು, ಮಂದಿಗೆ ಕೊಡೂದಲ್ಲ.”

“ನಮ್ ಕಡೆ ಮುದ್ದೆ ಸಾರ್. ರೊಟ್ಟಿ ಬಡಿಯೋಕ್ ಬರಲ್ವಲ್ಲ.”

“ಮಾಡಿ ಮಾರಾವರು ಅದಾರ. ಕೊಂಡು ತಾ.”

ಕೊಂಡು ತಾ ಎಂದು ಕೇಳಿ ಅವನಿಗೆ ನಗು ಬಂತು. ಮದ್ದೂರಿನಿಂದ ಇಷ್ಟು ದೂರ ಬಂದು ಅಗ್ಗದ ಬಾಳ್ವೆಯ ಪಾಠ ಹೇಳುವವನಿಗೆ ಒಬ್ಬ ಮುದುಕ ದುಡ್ಡು ಬಿಚ್ಚಲು ಹೇಳುತ್ತಿದ್ದಾನೆ! “ಮನೇಲೇ ಇಷ್ಟೊಂದು ಬಿದ್ದಿರೋವಾಗ ಕೊಳ್ಳೋದ್ಯಾಕ್ ಸಾರ್?” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿಂದ “ಸ್ನೇಹಿತರೇ” ಎಂಬ ದನಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ತಾಟುಗಳ ಸಮೇತ ಹೊರಗೆ ಬಂದ, ಎಲ್ಲ ತಾಟಿಗೂ ಅರಿವೆ ಮುಚ್ಚಿತ್ತು.

ನಮ್ಮ ತಾಟಿನಲ್ಲಿ ರಹಿಮತಬಿಯ ಸಜ್ಜಿ ರೊಟ್ಟಿ ಬಂತು. ನನ್ನ ಹೆಂಡತಿ ನೋಡಿದವಳೇ ಗುರುತು ಹಿಡಿದಳು. ನಮ್ಮ ಓಣಿಯ ಹೆಂಗಸರಿಗೆ ರೊಟ್ಟಿ ಯಾರದೆಂದು ಯಾರೂ ಹೇಳಬೇಕಿಲ್ಲ. ಅಂಚು, ದಪ್ಪ, ಎಳ್ಳು ಒತ್ತಿದ ಬಗೆ ನೋಡಿದರೆ ಮುಗಿಯಿತು. ಅವಳು ಬಾಯಿ ತೆಗೆಯುವಷ್ಟರಲ್ಲಿ ನಾನು “ಸುಮ್ಮನಿರು” ಅಂದೆ. ಹಬ್ಬದ ದಿನ ಬಂದ ತಮಾಷೆಯನ್ನು ಯಾರಾದರೂ ಕೆಡಿಸುತ್ತಾರೆಯೇ?

ರೇಣುಕವ್ವ ಜಗಲಿಯ ಮೇಲೆ ಕೂತಿದ್ದಳು. ತಾಟಿನ ಅರಿವೆ ಸರಿಸಿ, ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. ಹಪ್ಪಳದಷ್ಟು ತೆಳು, ಎಳ್ಳು ಒಂದೇ ಮಗ್ಗುಲಿಗೆ. ದ್ಯಾಮವ್ವನ ರೊಟ್ಟಿ ಇಷ್ಟು ವರ್ಷಗಳ ಮೇಲೆ ಅವಳ ಮನೆಗೆ ಬಂದಿತ್ತು.

“ಇದನ್ನ ಯಾರು ಕೊಟ್ಟಾರ?”

“ನಮ್ಮನೇದೇ ಕಣವ್ವ.”

“ನನ್ನ ಮುಂದ ಸುಳ್ಳು ಹೇಳಬ್ಯಾಡ. ಹೆಸರು ಹೇಳಬ್ಯಾಡ ಅಂತ ಆಕಿ ಹೇಳಿ ಕಳಿಸ್ಯಾಳೇನು?”

ನಂದೀಶನ ಲೆಕ್ಕದಲ್ಲಿ ಆಕೆ ಎಂದರೆ ಅಂಕಿತಾ ಒಬ್ಬಳೇ. “ಊಂ ಕಣವ್ವ. ಅವಳಿಗೆ ವಸಿ ನಾಚ್ಕೆ.”

“ನಾಚಿಕಿ ಬರಬೇಕಲ್ಲ ಮತ್ತ! ಕಣ್ಣಾಗ ನೀರು ತಗದಳೇನು?”

“ಈರುಳ್ಳಿ ಹೆಚ್ಚುವಾಗ ದಿನಾ ತೆಗೀತಾಳೆ.”

ರೇಣುಕವ್ವ ಈರುಳ್ಳಿಯನ್ನು ಕೇಳಿಸಿಕೊಳ್ಳಲಿಲ್ಲ, ‘ದಿನಾ’ ಎಂಬುದನ್ನು ಕೇಳಿಸಿಕೊಂಡಳು. “ದಿನಾ ಅಳ್ತಾಳಂತ!” ಎಂದು ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನನ್ನ ಎದಿ ಮ್ಯಾಲಿನ ಕಲ್ಲು ಇಳಿಸಿದಿ ತಮ್ಮಾ. ಮನಿ ನಿಮ್ಮದ ಅಂತ ತಿಳಕೋ.”

ಒಂದೆರಡು ರೊಟ್ಟಿಗೆ ಮನೆ ಸಿಕ್ಕಿತೆಂದು ನಂದೀಶನಿಗೂ ಆಶ್ಚರ್ಯವಾಗಿರಬೇಕು. ಆದರೆ ಬುದ್ಧಿವಂತರು ಲಾಭದ ಕಾರಣ ವಿಚಾರಿಸುವುದಿಲ್ಲ. ಅಲ್ಲೇ ನಿಂತು ಮದ್ದೂರಿಗೆ ಫೋನು ಹಚ್ಚಿದ. “ಮಾವ, ಮನೆ ಪರ್ಮನೆಂಟು. ಆ ಕಬ್ಬಿನ ಕೆಲ್ಸ ಬೇರೆಯೋರಿಗೆ ಕೊಟ್ಬುಡಿ.”

ದ್ಯಾಮವ್ವನ ಬಾಗಿಲಲ್ಲೂ ಇದೇ ಕಥೆ. ಅವಳ ತಾಟಿನಲ್ಲಿ ರೇಣುಕವ್ವನ ದಪ್ಪ ರೊಟ್ಟಿಗಳಿದ್ದವು. “ಕಡೀಕೂ ಬಗ್ಗಿದಳು! ದಪ್ಪ ಇದ್ರೂ ಪ್ರೀತಿಲೆ ಕಳಿಸ್ಯಾಳ” ಎಂದು ನಂದೀಶನ ಕೈತುಂಬ ಶೇಂಗಾ ಉಂಡಿ ಸುರಿದಳು. ಆ ಉಂಡಿಗಳನ್ನು ತಿನ್ನುತ್ತ ಅವನು ಗೋದಾಮಿಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ರೇಣುಕವ್ವ ಅಂಗಳ ಸಾರಿಸಿ, ದ್ಯಾಮವ್ವ ತಪ್ಪು ಒಪ್ಪಿಕೊಳ್ಳಲು ಬರುತ್ತಾಳೆಂದು ಇಳಕಲ್ ಸೀರೆ ಉಟ್ಟು ಕೂತಳು. ದ್ಯಾಮವ್ವ ರೇಣುಕವ್ವ ಬರುತ್ತಾಳೆಂದು ಕಂಬಳಿ ಹಾಸಿ ಕೂತಳು. ಗಂಡಂದಿರಿಬ್ಬರನ್ನೂ ಹಾಲು, ಚಹಾಪುಡಿ ತರಲು ಓಡಿಸಿದ್ದರು. ಈ ಅಣ್ಣತಮ್ಮಂದಿರು ಹೆಂಡಂದಿರಿಗೆ ತಿಳಿಯದ ಹಾಗೆ ಇನಾಯತನ ಅಂಗಡಿಯಲ್ಲಿ ದಿನಾ ಕೂಡಿ ಚಹಾ ಕುಡಿಯುವವರು. ನಾನೂ ಅಲ್ಲೇ ಇದ್ದೆ.

“ನಿಮ್ಮಾಕಿ ಬಗ್ಗಿದಳಂತಲ್ಲೋ,” ಚನ್ನಬಸವಣ್ಣ ಅಂದ.

“ನಿಮ್ಮಾಕಿ ಬಗ್ಗಿದಳಂತ ನಮ್ಮಾಕಿ ಅಂದಳಲ್ಲಪಾ ಅಣ್ಣಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇದನ್ನು ಮನೆಗೆ ಹೋಗಿ ಹೇಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅಷ್ಟು ವರ್ಷ ಸಂಸಾರ ಮಾಡಿದ ಗಂಡಸರು ಅಂಥ ಪ್ರಶ್ನೆಗೆ ಕೊಡುವ ಉತ್ತರ ಒಂದೇ: ಇನ್ನೊಂದು ಚಹಾ ಹೇಳಿದರು.

ಸಂಜೆಯಾದರೂ ಯಾರ ಮನೆಗೂ ಯಾರೂ ಬರಲಿಲ್ಲ. ರೇಣುಕವ್ವನ ತಾಳ್ಮೆ ಮೊದಲು ಮುಗಿಯಿತು. ಹಿತ್ತಲಿಗೆ ಹೋಗಿ ಗೋಡೆಯ ಆಚೆಗೆ ಕೇಳುವಂತೆ ಆಕಾಶಕ್ಕೆ ಹೇಳಿದಳು: “ರೊಟ್ಟಿ ಕಳಿಸಾಕ ಕೈ ಬಂತು, ಮನಿಗೆ ಬರಾಕ ಕಾಲು ಬರವಲ್ಲವು! ದಿನಾ ಅಳ್ತಾಳಂತ, ಪಾಪ ಅಂತ ನಾ ಬಾಗಲಾ ತಗದು ಕುಂತೀನಿ!”

ಆಚೆಯಿಂದ ದ್ಯಾಮವ್ವನ ತಲೆ ಮೇಲೆದ್ದಿತು. “ಅಳೂದು? ನಾನು? ನನ್ನ ಗಂಡ ಸತ್ತರೂ ನಾ ಅಳಾಕಿ ಅಲ್ಲ!”

ಹಿಂದೆ ನಿಂತಿದ್ದ ನಿಂಗಪ್ಪ ನೆಲ ನೋಡಿದ.

“ಅಳಲಾರದ ಈ ರೊಟ್ಟಿ ಯಾಕ ಕಳಿಸಿದಿ?” ರೇಣುಕವ್ವ ರೊಟ್ಟಿ ಎತ್ತಿ ತೋರಿಸಿದಳು.

“ನಿನಗ್ಯಾರು ಕಳಿಸ್ಯಾರ? ನೀನ ನನಗ ಇದನ್ನ ಕಳಿಸಿದಿ!” ದ್ಯಾಮವ್ವನೂ ಎತ್ತಿದಳು. “ನನ್ನ ರೊಟ್ಟಿ ನಿನ್ನ ಕೈಯಾಗ ಹೆಂಗ ಬಂತು? ಕದ್ದೇನು?”

“ಕದಿಯಾಕ ನಿಂದೇನು ಬಂಗಾರದ್ದೇನ? ಬ್ಯಾಸಗ್ಯಾಗ ಇಟಗೊಂಡ್ರ ಗಾಳಿ ಬೀಸ್ಕೊಳಾಕ ಬರತೈತಿ, ಅಷ್ಟ!”

“ನಿಂದು ಗಟಾರಕ್ಕ ಮುಚ್ಚಾಕ ಬರತೈತಿ! ಮ್ಯಾಲೆ ಟ್ರ್ಯಾಕ್ಟರ್ ಹಾದ್ರೂ ಮುರಿಯಂಗಿಲ್ಲ!”

ಓಣಿ ಅಷ್ಟೂ ಹಿತ್ತಲಿಗೆ ಬಂದು ನಿಂತಿತು. ಒಲೆಯ ಮೇಲೆ ಹೆಸರುಕಾಳು ಬಿಟ್ಟು ಬಂದವರೂ ಇದ್ದರು, ಅದು ಹೊತ್ತಿದ ವಾಸನೆಯೂ ಬಂತು, ಯಾರೂ ಕದಲಲಿಲ್ಲ. ಅಷ್ಟರಲ್ಲಿ ಶಾಲೆ ಮುಗಿಸಿ, ಪೇಟೆಯ ಕೆಲಸ ತೀರಿಸಿಕೊಂಡು ಅಂಕಿತಾ ಬಂದಳು. ಅವಳ ಹಿಂದೆಯೇ ಗೋದಾಮಿನಿಂದ ಹಬ್ಬದ ರಜೆ ಕೇಳಿ ಬೇಗ ಬಿಟ್ಟ ನಂದೀಶ. ಎಲ್ಲರೂ ಅವನ ಕಡೆ ತಿರುಗಿದರು.

“ಬಾರೋ ತಮ್ಮಾ,” ರೇಣುಕವ್ವ ಕರೆದಳು. “ರೊಟ್ಟಿ ಯಾರು ಕಳಿಸಿದ್ರು, ಹೇಳು. ಖರೆ ಹೇಳು. ಮನಿ ಇದರ ಮ್ಯಾಲೆ ಐತಿ.”

ಬಾಯಿ ಮುಚ್ಚಿಕೊಂಡು ನಿಂತಿದ್ದರೂ ಬಚಾವಾಗುತ್ತಿದ್ದನೇನೋ. ಆದರೆ ಸಮಸ್ಯೆಗಳಿಗೆ ಪರಿಹಾರ ಹೇಳುವುದು ಅವನಿಗೆ ಚಟವಾಗಿತ್ತು. “ಇಬ್ರೂ ಕಳಿಸಿದ್ರಿ ಅಂತ ಇಟ್ಕೊಳಿ ಅವ್ವ. ಸಮ ಸಮ ಆಯ್ತದೆ,” ಅಂದ.

“ಬನಶಂಕರಿ ಆಣಿ, ನಾ ಕಳಿಸಿಲ್ಲ!” ಇಬ್ಬರೂ ಒಟ್ಟಿಗೇ ಕೂಗಿದರು.

ಆಗ ಇನಾಯತ ಗುಂಪಿನ ಹಿಂದಿನಿಂದ ನಗುತ್ತ ಮುಂದೆ ಬಂದ. “ತಡೀರಿ, ಸಾಕ್ಷಿ ನನ್ನ ಹಂತ್ಯಾಕ ಐತಿ,” ಎಂದು ಫೋನು ಎತ್ತಿ ಹಿಡಿದ. ಬೆಳಿಗ್ಗೆ ಹಾಕಿದ ವಿಡಿಯೋದಲ್ಲಿ ನಂದೀಶನೇ ಇದ್ದ. ಅವನ ಹಿಂದೆ ರೊಟ್ಟಿಯ ರಾಶಿ.

“ಸ್ನೇಹಿತರೇ, ಹೊಸ ಊರು, ದೊಡ್ಡ ಹಬ್ಬ, ಖರ್ಚು ಸೊನ್ನೆ! ಇವರು ಕೊಟ್ಟಿದ್ದು ಅವರಿಗೆ, ಅವರು ಕೊಟ್ಟಿದ್ದು ಇವರಿಗೆ. ಮಿಕ್ಕಿದ್ದು ನಮಗೆ. ಯಾರಿಗೂ ಗೊತ್ತಾಗಲ್ಲ. ಯಾಕಂದ್ರೆ, ರೊಟ್ಟಿ ಎಲ್ಲಾ ಒಂದೇ ತರ ಇರ್ತವೆ!”

ರೊಟ್ಟಿ ತಿರುಗಿಸಿ ಹಂಚಿದ್ದನ್ನು ಯಾರಾದರೂ ಕ್ಷಮಿಸುತ್ತಿದ್ದರೋ ಏನೋ. ಕೊನೆಯ ಮಾತನ್ನು ಕ್ಷಮಿಸುವವರು ಗದಗ ಜಿಲ್ಲೆಯಲ್ಲಿ ಹುಟ್ಟಿಲ್ಲ.

“ಒಂದ ತರಾ?” ರೇಣುಕವ್ವ ಮೆಲ್ಲಗೆ ಕೇಳಿದಳು.

“ಒಂದ ತರಾ?” ದ್ಯಾಮವ್ವ ಜೋ‌ರಾಗಿ ಕೇಳಿದಳು. “ಅಕ್ಕಾ, ನನ್ನ ರೊಟ್ಟೀನೂ ನಿನ್ನ ರೊಟ್ಟೀನೂ ಒಂದ ತರಾ ಅಂತ!”

ವರ್ಷಗಟ್ಟಲೆ ಬಾಯಿಂದ ಹೊರಡದ ‘ಅಕ್ಕಾ’ ಹಾಗೆ ಹೊರಬಿತ್ತು. “ನೋಡಿದ್ಯಾ ತಂಗಿ, ಎಂಥಾವನನ್ನ ಮನ್ಯಾಗ ಇಟ್ಕೊಂಡೀನಿ!” ಎಂದು ರೇಣುಕವ್ವ ಗೋಡೆಯ ಬಾಗಿಲಿನ ಚಿಲಕ ಎಳೆದಳು. ಅದು ತುಕ್ಕು ಹಿಡಿದು ಬಿಗಿದಿತ್ತು. ಆಚೆಯಿಂದ ದ್ಯಾಮವ್ವ ಒದ್ದಳು, ತೆರೆಯಿತು. ಇಬ್ಬರೂ ಒಂದೇ ಕಡೆ ನಿಂತು ನಂದೀಶನನ್ನು ಬೈದರು. ಅವರ ಬೈಗುಳಗಳನ್ನು ಇಲ್ಲಿ ಬರೆಯಲಾರೆ; ಅರ್ಧದಷ್ಟು ಅವನಿಗೆ ಅರ್ಥವಾಗಲಿಲ್ಲ ಎಂಬುದೊಂದೇ ನನ್ನ ಬೇಸರ.

“ನಾಳೆ ನಾಗಪ್ಪಗ ಹಾಲು ಎರದು ಮುಗಿಯೂದ ತಡ, ಗಂಟು ಕಟ್ಟು!” ಎಂದು ತೀರ್ಪಾಯಿತು.

ನಂದೀಶನ ಮುಖದಲ್ಲಿ ಕಬ್ಬಿನ ರಾಶಿ ಕಂಡಿತು. ಅವನು ಹೆಂಡತಿಯ ಕಡೆ ನೋಡಿದ. ಅಂಕಿತಾ ಅವನ ಕಡೆ ನೋಡಲೇ ಇಲ್ಲ. ಶಾಲೆಯ ಚೀಲ ಕೆಳಗಿಟ್ಟು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ತುಂಬಿತ್ತು, ಈ ಸಲ ಈರುಳ್ಳಿ ಇರಲಿಲ್ಲ.

“ಅವ್ವ, ಅವ್ರು ಕೊಟ್ಟಿದ್ದು ನಮ್ಮನೆ ರೊಟ್ಟಿ ಅಲ್ಲ. ನಮ್ಮನೇದು ಕೊಡೋದು ಇನ್ನೂ ಬಾಕಿ ಇದೆ. ಹೋಗೋದೇ ಆದ್ರೂ ಕೊಟ್ಟೇ ಹೋಗ್ತೀನಿ. ನೀವು ಹಂಚು ಎತ್ತಿಡೋಕ್ ಮುಂಚೆ ನಂಗೆ ಬಡಿಯೋದು ಹೇಳ್ಕೊಡಿ.”

ರೊಟ್ಟಿ ಕಲಿಸು ಎಂದು ಕೇಳಿದವಳಿಗೆ ಇಲ್ಲ ಅನ್ನುವ ಹೆಂಗಸು ನಮ್ಮಲ್ಲಿಲ್ಲ. ರೇಣುಕವ್ವ ಹಿಟ್ಟು ತಂದಳು. ದ್ಯಾಮವ್ವ ಕುದಿಯುವ ನೀರು ತಂದಳು. “ತೆಳ್ಳಗ ಬಡಿ ಯವ್ವಾ” ಎಂದು ಒಬ್ಬಳು, “ಹಂಗ ಬಡದ್ರ ಹರೀತೈತಿ, ದಪ್ಪ ಇರಲಿ” ಎಂದು ಇನ್ನೊಬ್ಬಳು. ನಂದೀಶನನ್ನು ಒಲೆ ಊದಲು ಕೂರಿಸಿದರು. ಹೊಗೆಯಲ್ಲಿ ಕೆಮ್ಮುತ್ತ ಒಮ್ಮೆ ಕಿಸೆಗೆ ಕೈ ಹಾಕಿ ಫೋನು ತೆಗೆದ. ದ್ಯಾಮವ್ವ ಕಟ್ಟಿಗೆ ಕೈಯಲ್ಲಿ ಹಿಡಿದು ಅವನನ್ನು ನೋಡಿದಳು. ಫೋನು ತಾನಾಗಿಯೇ ಕಿಸೆಗೆ ಹೋಯಿತು.

ಮನೆಗೊಂದರಂತೆ ರೊಟ್ಟಿ ಬಂತು. ನಮಗೆ ಬಂದದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಅಂಕಿತಾಳ ಬೆರಳುಗಳ ಗುರುತು. ಅಂಥ ರೊಟ್ಟಿ ಓಣಿಯಲ್ಲಿ ಯಾರದೂ ಇರಲಿಲ್ಲ. ನನ್ನ ಹೆಂಡತಿ ಕೈಯಲ್ಲಿ ಹಿಡಿದು ನೋಡಿ, “ಇದು ಅಂಕಿತಾಂದು” ಅಂದಳು. ನನಗೆ ನಿಜವಾಗಿ ಸಂತೋಷವಾಯಿತು. ರೊಟ್ಟಿ ಮಾತ್ರ ಅಗಿಯಲಾಗಲಿಲ್ಲ.

ರೇಣುಕವ್ವ ಆ ಸಂಜೆಯೇ ತೀರ್ಪು ತಿದ್ದಿದಳು. “ಮನಿ ಈ ಹುಡಿಗೀಗೆ ಕೊಟ್ಟೀನಿ. ಆಕಿ ಯಾರನ್ನ ಕೂಡ ಇಟ್ಕೋತಾಳ, ಅದು ಆಕಿಗೆ ಬಿಟ್ಟದ್ದು.”

ಎಲ್ಲರೂ ಅಂಕಿತಾಳ ಕಡೆ ನೋಡಿದರು. ಅವಳು ಕೈಗೆ ಹತ್ತಿದ ಹಿಟ್ಟನ್ನು ನಿಧಾನವಾಗಿ ಉಜ್ಜಿ ತೆಗೆದಳು. ನಂದೀಶ ನಿಂತಲ್ಲೇ ಬೆವರುತ್ತಿದ್ದ. “ಇರ್ಲಿ ಬಿಡಿ ಅವ್ವ,” ಅಂದಳು ಕೊನೆಗೆ, “ನೀರು ತುಂಬೋಕಾದ್ರೂ ಒಬ್ರು ಬೇಕಲ್ಲ.”

ನೆಗೆಣ್ಣಿಯರ ಬಾಗಿಲಿಗೆ ಮತ್ತೆ ಚಿಲಕ ಬೀಳಲಿಲ್ಲ. ಮೊದಲು ರೊಟ್ಟಿ ಕಳಿಸಿದವರು ಯಾರೂ ಅಲ್ಲ, ಹಾಗಾಗಿ ಬಗ್ಗಿದವರೂ ಯಾರೂ ಅಲ್ಲ ಎಂದು ಇಬ್ಬರಿಗೂ ಸಮಾಧಾನ. ಇದಾದ ಮರುದಿನವೇ ನಂದೀಶ ‘ಖರ್ಚಿಲ್ಲದೆ ಹಳೆಯ ಜಗಳ ಬಿಡಿಸುವುದು ಹೇಗೆ’ ಎಂಬ ವಿಡಿಯೋ ಹಾಕಿದ್ದನ್ನು ಹೇಳಬಾರದೆಂದಿದ್ದೆ, ಆದರೆ ಹೇಳದೆ ಇರಲಾಗುತ್ತಿಲ್ಲ.

ಈ ವರ್ಷ ಮತ್ತೆ ರೊಟ್ಟಿ ಹಬ್ಬ ಬಂತು. ಅಂಕಿತಾಳಿಗೆ ಮನೆಮನೆಯಿಂದ ತಾಟು ಬಂದವು. ಪ್ರತಿ ತಾಟಿನಲ್ಲೂ ಅವಳಿಗೆ ದುಂಡನೆಯ ರೊಟ್ಟಿಗಳು, ಪಕ್ಕದಲ್ಲಿ ಬೇರೆಯಾಗಿ, ಅಂಚು ಮುರಿದ ಒಂದೇ ಒಂದು ರೊಟ್ಟಿ. “ಇದು ನಿನ್ನ ಗಂಡಗ,” ಎಂದು ರೇಣುಕವ್ವ ಶುರುಮಾಡಿದಳು. ದ್ಯಾಮವ್ವ ಮೊದಲ ಬಾರಿಗೆ ಅವಳ ಮಾತನ್ನು ಎದುರಾಡದೆ ಒಪ್ಪಿದಳು. ಓಣಿ ಪೂರ್ತಿ ಅದನ್ನೇ ಹಿಡಿಯಿತು. ಮುರಿದದ್ದನ್ನು ಇನ್ನೊಬ್ಬರ ತಾಟಿಗೆ ಇಡಲು ಬರುವುದಿಲ್ಲ, ತಾನೇ ತಿನ್ನಬೇಕು. ನಮ್ಮ ಮನೆಯದನ್ನು ನಾನೇ ಕೈಯಾರೆ ಮುರಿದುಕೊಟ್ಟೆ.

ನಂದೀಶ ಆ ಚೂರುಪಾರು ರೊಟ್ಟಿಗಳನ್ನೆಲ್ಲ ಮುಂದೆ ಜೋಡಿಸಿಕೊಂಡು ಜಗಲಿಯ ಮೇಲೆ ಕೂತ. “ಸ್ನೇಹಿತರೇ,” ಎಂದು ಎದೆಯುಬ್ಬಿಸಿ ಹೇಳಿದ, “ಈ ಕಡೆ ಓಣಿಗೆಲ್ಲ ಬೇಕಾದ ದೊಡ್ಡ ಮನುಷ್ಯನಿಗೆ ಮಾತ್ರ ಸಲ್ಲೋ ಮರ್ಯಾದೆ ಇದು. ಪ್ರತಿ ಮನೆಯೋರೂ ಮೊದಲ ತುತ್ತು ತಾವೇ ಮುರಿದು, ರುಚಿ ನೋಡಿ, ಆಮೇಲೆ ನನಗೆ ಕಳಿಸ್ತಾರೆ!”

ನಾವು ಯಾರೂ ತಿದ್ದಲಿಲ್ಲ. ಫೋನು ಹಿಡಿದವಳು ಅಂಕಿತಾ. ನಗು ತಡೆಯಲಾಗದೆ ಅವಳ ಕೈ ಅಲುಗುತ್ತಿತ್ತು, ಹಾಗಾಗಿ ಆ ವಿಡಿಯೋದಲ್ಲಿ ನಂದೀಶನ ಮುಖ ಎಲ್ಲೂ ನೆಟ್ಟಗೆ ಕಾಣುವುದಿಲ್ಲ. ಮುರಿದ ರೊಟ್ಟಿಗಳು ಮಾತ್ರ ಚೆನ್ನಾಗಿ ಕಾಣುತ್ತವೆ.